ಒಂದೇ ಸಲದ ಬೋಲ್ಟು

ಹದಿನೈದು ವರ್ಷ ಓಡಿದ ಬಿಎಂಡಬ್ಲ್ಯು ಕಾರು ಇಂದು ಹೊಸ ಸಣ್ಣ ಕಾರಿನ ಬೆಲೆಗೆ, ಕೆಲವೊಮ್ಮೆ ಅದಕ್ಕೂ ಕಡಿಮೆಗೆ ಸಿಗುತ್ತದೆ. ಕೊಂಡವರ ಸಂಭ್ರಮ ಮೊದಲ ದೊಡ್ಡ ರಿಪೇರಿಯವರೆಗೆ ಮಾತ್ರ. ವಾಟರ್ ಪಂಪ್ ಕೈಕೊಟ್ಟಿತೆಂದು ಕಾರನ್ನು ಗ್ಯಾರೇಜಿಗೆ ಬಿಟ್ಟು ಬಂದಿರುತ್ತಾರೆ. ಸಂಜೆ ಫೋನು ಬರುತ್ತದೆ: ‘ಪಂಪ್ ಬಿಚ್ಚಿದ್ದಾಯ್ತು ಸರ್, ಆದ್ರೆ ಒಂದು ಬೋಲ್ಟ್ ಕಟ್ಟಾಗಿ ಅರ್ಧ ಒಳಗೇ ಉಳಿದಿದೆ.’ ಪಂಪಿನ ಬೆಲೆಯ ಮುಂದೆ ಆ ಬೋಲ್ಟಿನ ಬೆಲೆ ಲೆಕ್ಕಕ್ಕೇ ಇಲ್ಲ. ಒಳಗೆ ಉಳಿದ ತುಂಡನ್ನು ಹೊರತೆಗೆಯುವ ಕೂಲಿ ಮಾತ್ರ ಪಂಪಿಗಿಂತ ದುಬಾರಿಯಾದರೂ ಆಶ್ಚರ್ಯವಿಲ್ಲ. ಮೆಕ್ಯಾನಿಕ್ ಕಾರನ್ನು ಬೈಯುತ್ತಾನೆ, ಮಾಲೀಕ ಮೆಕ್ಯಾನಿಕನನ್ನು ಬೈಯುತ್ತಾನೆ. ಆ ಬೋಲ್ಟು ಉಕ್ಕಿನದಲ್ಲ, ಅಲ್ಯೂಮಿನಿಯಂನದು. ಎರಡನೇ ಸಲ ಬಳಸಲು ಅದನ್ನು ಮಾಡಿಯೇ ಇಲ್ಲ. ಈ ಸಂಗತಿ ಇಬ್ಬರಿಗೂ ಗೊತ್ತಿರುವುದಿಲ್ಲ.

ಈ ವಿಷಯ ಮಾತಾಡಲು ನಾಗಪುರದ ವಾಡಿಗಿಂತ ಸೂಕ್ತವಾದ ಊರು ಸಿಗದು. ಕಲಬುರಗಿ ಜಿಲ್ಲೆಯ ರೈಲ್ವೆ ಜಂಕ್ಷನ್ ವಾಡಿ ಅಲ್ಲ, ಇದು ನಾಗಪುರದ ಪಶ್ಚಿಮಕ್ಕೆ ಅಮರಾವತಿ ರಸ್ತೆಯಲ್ಲಿರುವ ವಾಡಿ. ಗೋದಾಮು, ಟ್ರಾನ್ಸ್‌ಪೋರ್ಟ್ ಕಚೇರಿ, ಲಾರಿ, ಲಾರಿಗಳನ್ನು ನಂಬಿದ ಗ್ಯಾರೇಜುಗಳ ಊರು. ಬೆಂಗಳೂರಿನಿಂದ ಹೈದರಾಬಾದ್ ದಾಟಿ ಉತ್ತರಕ್ಕೆ ಹೋಗುವ 44ನೇ ರಾಷ್ಟ್ರೀಯ ಹೆದ್ದಾರಿ ನಾಗಪುರವನ್ನು ಹಾದೇ ಹೋಗುವುದರಿಂದ ನಮ್ಮ ಕಡೆಯ ಚಾಲಕರಿಗೂ ಈ ಭಾಗ ಹೊಸದಲ್ಲ. ಇದೇ ಅಮರಾವತಿ ರಸ್ತೆಯಲ್ಲಿ, ಇದೇ ವಾಡಿಯಲ್ಲಿ, ದೇಶದ ಅಲ್ಯೂಮಿನಿಯಂ ಸಂಶೋಧನಾ ಕೇಂದ್ರವೂ ಇದೆ: ಕೇಂದ್ರ ಗಣಿ ಸಚಿವಾಲಯದ ಅಧೀನದಲ್ಲಿ 1989ರಲ್ಲಿ ಸ್ಥಾಪನೆಯಾದ ಜವಾಹರಲಾಲ್ ನೆಹರು ಅಲ್ಯೂಮಿನಿಯಂ ಸಂಶೋಧನೆ, ಅಭಿವೃದ್ಧಿ ಮತ್ತು ವಿನ್ಯಾಸ ಕೇಂದ್ರ. ಸಮೀಪದ ಅಂಬಾಝರಿ ಆರ್ಡ್‌ನೆನ್ಸ್ ಫ್ಯಾಕ್ಟರಿಯಲ್ಲಿ ಸೇನೆಗಾಗಿ ಅಲ್ಯೂಮಿನಿಯಂ ಮಿಶ್ರಲೋಹದ ಕೆಲಸ ದಶಕಗಳಿಂದ ನಡೆದಿದೆ. ಲೋಹವನ್ನು ಅರೆದು ಕುಡಿದವರೂ, ದಿನವಿಡೀ ಲೋಹದೊಡನೆ ಗುದ್ದಾಡುವವರೂ ಒಂದೇ ರಸ್ತೆಯ ಆಸುಪಾಸಿನಲ್ಲಿದ್ದಾರೆ. ಮುರಿದ ಬೋಲ್ಟಿನ ಕತೆ ಈ ಎರಡು ತಿಳಿವಳಿಕೆಗಳ ನಡುವಿನ ಅಂತರದಲ್ಲಿ ಹುಟ್ಟುತ್ತದೆ.

ಇಷ್ಟಕ್ಕೂ ಎಂಜಿನ್ನಿಗೆ ಅಲ್ಯೂಮಿನಿಯಂ ಬೋಲ್ಟು ಹಾಕುವ ಬುದ್ಧಿ ಯಾರಿಗೆ, ಏಕೆ ಬಂತು? ಹಳೆಯ ಅಂಬಾಸಿಡರ್ ಎಂಜಿನ್ನಿನಲ್ಲಿ ಬ್ಲಾಕೂ ಹೆಡ್ಡೂ ಎರಕದ ಕಬ್ಬಿಣವೇ. ಅದಕ್ಕೆ ಉಕ್ಕಿನ ಬೋಲ್ಟು ಹಾಕಿದರೆ ಜಗಳವಿಲ್ಲ. ಪ್ರೀಮಿಯರ್ ಪದ್ಮಿನಿಯಲ್ಲಿ ಹೆಡ್ ಅಲ್ಯೂಮಿನಿಯಂ ಆಯಿತು. 1993ರಲ್ಲಿ ಬಂದ ಮಾರುತಿ ಝೆನ್‌ನಲ್ಲಿ ಬ್ಲಾಕೂ ಅಲ್ಯೂಮಿನಿಯಂ ಆಯಿತು. ಎಂಜಿನ್ ಹಗುರಾದಷ್ಟೂ ಪೆಟ್ರೋಲ್ ಉಳಿತಾಯ ಎಂಬುದು ಎಲ್ಲ ಕಂಪನಿಗಳ ಲೆಕ್ಕ. ಜರ್ಮನಿಯ ಬಿಎಂಡಬ್ಲ್ಯು ಕಂಪನಿ 2004ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಎನ್52 ಎಂಬ ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್ ತಂದಿತು. ಅದರ ಕ್ರ್ಯಾಂಕ್‌ಕೇಸಿನ ಒಳತಿರುಳು ಅಲ್ಯೂಮಿನಿಯಂ-ಸಿಲಿಕಾನ್ ಮಿಶ್ರಲೋಹ, ಹೊರಕವಚ ಮೆಗ್ನೀಷಿಯಂ. ಒಂದು ಘನ ಸೆಂಟಿಮೀಟರ್ ಉಕ್ಕು 7.85 ಗ್ರಾಂ ತೂಗಿದರೆ ಅಲ್ಯೂಮಿನಿಯಂ 2.7 ಗ್ರಾಂ, ಮೆಗ್ನೀಷಿಯಂ ಬರೀ 1.74 ಗ್ರಾಂ. ಇಡೀ ಎಂಜಿನ್ನಿನ ತೂಕ 161 ಕಿಲೋಗೆ ಇಳಿಯಿತು. 2007ರಲ್ಲಿ ಚೆನ್ನೈ ಸಮೀಪ ಬಿಎಂಡಬ್ಲ್ಯು ಕಾರ್ಖಾನೆ ಶುರುವಾದ ಕಾಲದ 325ಐ, 530ಐ ಮುಂತಾದ ಪೆಟ್ರೋಲ್ ಕಾರುಗಳಲ್ಲಿ ಇದ್ದದ್ದು ಈ ಎಂಜಿನ್ನೇ. ಅವೇ ಈಗ ಮೂರನೆಯ, ನಾಲ್ಕನೆಯ ಮಾಲೀಕರ ಕೈಯಲ್ಲಿವೆ.

ಮೆಗ್ನೀಷಿಯಂ ಹಗುರವೇನೋ ಹೌದು, ಆದರೆ ಅದು ಉಕ್ಕಿನ ಜೊತೆ ಬಾಳುವ ಲೋಹವಲ್ಲ. ಮೊದಲ ಕಾರಣ ವಿದ್ಯುತ್ ರಾಸಾಯನಿಕದ್ದು. ಎರಡು ಬೇರೆ ಬೇರೆ ಲೋಹಗಳು ಒಂದಕ್ಕೊಂದು ತಾಗಿಕೊಂಡಿದ್ದು, ನಡುವೆ ತೇವ ಸೇರಿದರೆ ಸಣ್ಣದೊಂದು ಬ್ಯಾಟರಿಯೇ ತಯಾರಾಗುತ್ತದೆ. ಎಲೆಕ್ಟ್ರಾನ್ ಬಿಟ್ಟುಕೊಡಲು ಹೆಚ್ಚು ತಯಾರಿರುವ ಲೋಹ ಕರಗುತ್ತ ಹೋಗುತ್ತದೆ. ಪ್ರಮಾಣಿತ ವಿಭವದ ಪಟ್ಟಿಯಲ್ಲಿ ಮೆಗ್ನೀಷಿಯಂ -2.37 ವೋಲ್ಟ್, ಅಲ್ಯೂಮಿನಿಯಂ -1.66, ಕಬ್ಬಿಣ -0.44. ಮೆಗ್ನೀಷಿಯಂಗೂ ಕಬ್ಬಿಣಕ್ಕೂ ನಡುವಿನ ಅಂತರ ಎರಡು ವೋಲ್ಟಿಗೆ ಹತ್ತಿರ. ಹಾಗಾಗಿ ಉಕ್ಕಿನ ಬೋಲ್ಟು ಗಟ್ಟಿಯಾಗಿಯೇ ಉಳಿದು, ಅದರ ಸುತ್ತಲಿನ ಬಲು ದುಬಾರಿ ಕವಚ ಪುಡಿಯಾಗತೊಡಗುತ್ತದೆ. ಅಲ್ಯೂಮಿನಿಯಂ ಬೋಲ್ಟು ಹಾಕಿದರೆ ಈ ಅಂತರ ಸುಮಾರು ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ.

ಎರಡನೆಯ ಕಾರಣ ಬಿಸಿ. ಐವತ್ತು ಮಿಲಿಮೀಟರ್ ದಪ್ಪದ ಕವಚ ಎಂಬತ್ತು ಡಿಗ್ರಿಯಷ್ಟು ಬಿಸಿಯೇರಿದರೆ ಮೆಗ್ನೀಷಿಯಂ ಸುಮಾರು 0.10 ಮಿ.ಮೀ. ಹಿಗ್ಗುತ್ತದೆ. ಅಷ್ಟೇ ಉದ್ದದ ಅಲ್ಯೂಮಿನಿಯಂ 0.09 ಮಿ.ಮೀ., ಉಕ್ಕು 0.05 ಮಿ.ಮೀ. ಮಾತ್ರ. ಕವಚ ಹಿಗ್ಗುತ್ತಿದೆ, ಉಕ್ಕಿನ ಬೋಲ್ಟು ಹಿಗ್ಗಲು ಒಲ್ಲೆ ಎನ್ನುತ್ತಿದೆ. ಆ ಎಳೆದಾಟದ ಭಾರವೆಲ್ಲ ಮೆದು ಮೆಗ್ನೀಷಿಯಂನ ಥ್ರೆಡ್ಡಿನ ಮೇಲೆ. ಸಾವಿರಾರು ಸಲ ಬಿಸಿಯಾಗಿ ತಣಿದ ಮೇಲೆ ಥ್ರೆಡ್ಡು ಸೋಲುತ್ತದೆ, ಬಿಗಿ ಸಡಿಲವಾಗುತ್ತದೆ. ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಮೆಗ್ನೀಷಿಯಂ ಕೇಸಿನಿಂದ ಉಕ್ಕಿನ ಸ್ಟಡ್ಡುಗಳು ಥ್ರೆಡ್ಡಿನ ಸಮೇತ ಕಿತ್ತು ಬರುತ್ತಿದ್ದದ್ದು ಜಗತ್ತಿನ ಮೆಕ್ಯಾನಿಕರಿಗೆಲ್ಲ ಪರಿಚಿತ ತೊಂದರೆ. ಅಲ್ಯೂಮಿನಿಯಂ ಬೋಲ್ಟು ಈ ಎರಡೂ ಕಾಯಿಲೆಗೆ ಎಂಜಿನಿಯರರು ಕೊಟ್ಟ ಮದ್ದು. ತೂಕದ ಉಳಿತಾಯ ಮೇಲಿನ ಲಾಭ.

ಎಲ್ಲ ಮದ್ದಿನಂತೆ ಇದಕ್ಕೂ ಪಥ್ಯವಿದೆ. ಬೋಲ್ಟನ್ನು ನಾವು ಮೊಳೆಯ ಬಂಧು ಎಂದುಕೊಳ್ಳುತ್ತೇವೆ, ನಿಜದಲ್ಲಿ ಅದು ಸ್ಪ್ರಿಂಗು. ಬಿಗಿಯುವಾಗ ಅದು ಕೂದಲೆಳೆಯಷ್ಟು ಹಿಗ್ಗುತ್ತದೆ. ಮತ್ತೆ ಕುಗ್ಗಲು ಹವಣಿಸುವ ಬಲವೇ ಎರಡು ಭಾಗಗಳನ್ನು ಒತ್ತಿ ಹಿಡಿಯುತ್ತದೆ. ನಾವು ಸ್ಪ್ಯಾನರಿಗೆ ಹಾಕುವ ಶಕ್ತಿಯ ಸುಮಾರು ಅರ್ಧ ಬೋಲ್ಟಿನ ತಲೆಯಡಿಯ ಘರ್ಷಣೆಗೆ, ಶೇಕಡಾ ನಲವತ್ತರಷ್ಟು ಥ್ರೆಡ್ಡಿನ ಘರ್ಷಣೆಗೆ ಹೋಗುತ್ತದೆ. ನಿಜವಾದ ಬಿಗಿಗೆ ಉಳಿಯುವುದು ಹತ್ತರಲ್ಲೊಂದು ಪಾಲು. ಥ್ರೆಡ್ಡಿನಲ್ಲಿ ಚೂರು ಎಣ್ಣೆ ಇದ್ದರೂ, ಚೂರು ಕೊಳೆ ಇದ್ದರೂ ಈ ಲೆಕ್ಕ ತಲೆಕೆಳಗು. ಅದಕ್ಕಾಗಿ ಅಲ್ಯೂಮಿನಿಯಂ ಬೋಲ್ಟುಗಳನ್ನು ಮೊದಲು ಹಗುರವಾಗಿ ಒಂದು ಟಾರ್ಕ್‌ವರೆಗೆ ಬಿಗಿದು, ಆಮೇಲೆ ಟಾರ್ಕನ್ನು ನೋಡದೆ ಕೋನ ಅಳೆದು ತಿರುಗಿಸುತ್ತಾರೆ. ಎಂಟು ಮಿಲಿಮೀಟರ್ ಬೋಲ್ಟಿನ ಥ್ರೆಡ್ಡು ಒಂದು ಸುತ್ತಿಗೆ 1.25 ಮಿ.ಮೀ. ಮುಂದೆ ಸರಿಯುವುದರಿಂದ, 90 ಡಿಗ್ರಿ ತಿರುಗಿಸಿದರೆ ಸುಮಾರು 0.31 ಮಿ.ಮೀ. ಘರ್ಷಣೆ ಹೇಗೇ ಇರಲಿ, ಈ ಅಳತೆ ತಪ್ಪುವುದಿಲ್ಲ.

ಹೀಗೆ ಬಿಗಿದಾಗ ಬೋಲ್ಟು ಮತ್ತೆ ಮೊದಲಿನ ಉದ್ದಕ್ಕೆ ಮರಳದಷ್ಟು ಹಿಗ್ಗಿರುತ್ತದೆ. ಬಿಚ್ಚಿ ಅದನ್ನೇ ಮತ್ತೆ ಹಾಕಿದರೆ ಮೊದಲೇ ಎಳೆದ ಲೋಹವನ್ನು ಎರಡನೇ ಸಲ ಎಳೆದಂತೆ. ಇಂಜೆಕ್ಷನ್ ಸೂಜಿಯ ಹಾಗೆ ಒಮ್ಮೆ ಬಳಸಿ ಎಸೆಯಬೇಕಾದ ವಸ್ತು ಅದು. ಉತ್ತಮ ದರ್ಜೆಯ ಅಲ್ಯೂಮಿನಿಯಂ ಬೋಲ್ಟಿನ ಬಲ ಸಾಮಾನ್ಯ 8.8 ದರ್ಜೆಯ ಉಕ್ಕಿನ ಬೋಲ್ಟಿನ ಸುಮಾರು ಅರ್ಧದಷ್ಟೇ. ಅಲ್ಲದೆ ಒಂದು ಮಿತಿಗಿಂತ ಕೆಳಗಿನ ಅದುರುವಿಕೆಯನ್ನು ಉಕ್ಕು ಎಷ್ಟು ಕಾಲವಾದರೂ ತಾಳಿಕೊಳ್ಳುತ್ತದೆ. ಅಲ್ಯೂಮಿನಿಯಂಗೆ ಅಂಥ ಮಿತಿಯಿಲ್ಲ, ಪ್ರತಿ ಅದುರುವಿಕೆಯೂ ಅದರ ಆಯಸ್ಸಿನಿಂದ ಒಂದಿಷ್ಟು ಕಳೆಯುತ್ತದೆ. ಹಿಂದಿನ ಮಾಲೀಕರ ಕಾಲದಲ್ಲಿ ಹಳೆಯ ಬೋಲ್ಟೇ ಮರುಬಳಕೆಯಾಗಿತ್ತೇ, ಟಾರ್ಕ್ ರೆಂಚ್ ಇಲ್ಲದೆ ಕೈಯಂದಾಜಿನಲ್ಲಿ ಬಿಗಿದಿದ್ದರೇ ಎಂಬುದು ಸರ್ವಿಸ್ ಪುಸ್ತಕದಲ್ಲಿ ಬರೆದಿರುವುದಿಲ್ಲ. ಅದು ಗೊತ್ತಾಗುವುದು ಬೋಲ್ಟು ಕಟ್ಟಾದಾಗ.

ಲಾರಿ ಗ್ಯಾರೇಜಿನ ಕೈಗೆ ಈ ಬೋಲ್ಟು ಸಿಕ್ಕರೆ ಏನಾಗುತ್ತದೆ ಎಂಬುದನ್ನು ಊಹಿಸಬಹುದು. ಲಾರಿ ಚಕ್ರದ ನಟ್ಟಿಗೆ ನೂರಾರು ನ್ಯೂಟನ್-ಮೀಟರ್ ಬೇಕು, ಗಾಳಿಯ ಗನ್ ಇಲ್ಲದೆ ಅಲ್ಲಿ ಕೆಲಸವೇ ಸಾಗದು. ಈ ಪುಟ್ಟ ಬೋಲ್ಟುಗಳ ಮೊದಲ ಹಂತದ ಟಾರ್ಕ್ ಹತ್ತು ನ್ಯೂಟನ್-ಮೀಟರಿನ ಆಸುಪಾಸು, ಅಂದರೆ ಒಂದು ಮೀಟರ್ ಉದ್ದದ ಸಲಾಕೆಯ ತುದಿಗೆ ಒಂದು ಕಿಲೋ ತೂಕ ಕಟ್ಟಿದಷ್ಟು. ಚಕ್ರದ ನಟ್ಟಿನ ಮೇಲೆ ಪಳಗಿದ ಕೈಗೆ ಅದು ಬಿಗಿದಂತೆಯೇ ಅನ್ನಿಸುವುದಿಲ್ಲ. ‘ಇನ್ನೊಂಚೂರು’ ಎಂದು ತಿರುಗಿಸಿದರೆ ಮುಗಿಯಿತು.

ಇಲ್ಲಿ ಒಂದು ಭೇದವನ್ನು ಮೊದಲೇ ತಿಳಿದಿರಬೇಕು. ನಮ್ಮ ಗ್ಯಾರೇಜುಗಳಿಗೆ ಚೆನ್ನಾಗಿ ಗೊತ್ತಿರುವುದು ಅಲ್ಯೂಮಿನಿಯಂ ಎಂಜಿನ್ನಿನಲ್ಲಿ ಉಕ್ಕಿನ ಬೋಲ್ಟು ಮುರಿದ ಪ್ರಸಂಗ. ಮೈಸೂರಿನ ಯೆಜ್ಡಿ ಬೈಕಿನ ಅಲ್ಯೂಮಿನಿಯಂ ಹೆಡ್ಡಿನಲ್ಲಿ ಸ್ಪಾರ್ಕ್ ಪ್ಲಗ್ಗಿನ ಥ್ರೆಡ್ಡು ಸವೆಸಿಕೊಂಡವರಿಗೂ ಈ ಜೋಡಿಯ ಗುಣ ಗೊತ್ತು. ಉಕ್ಕು ಮುರಿದರೆ ಉಪಾಯಗಳು ಹಲವು. ಸುತ್ತಲಿನ ಅಲ್ಯೂಮಿನಿಯಂ ಬಿಸಿ ಮಾಡಿದರೆ ಅದು ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗಿ ಬೋಲ್ಟಿಗೆ ಜಾಗ ಬಿಡುತ್ತದೆ. ಮೇಲೆ ಚಾಚಿದ ತುಂಡಿಗೆ ನಟ್ಟು ವೆಲ್ಡ್ ಮಾಡಿ ತಿರುಗಿಸಬಹುದು. ಉಕ್ಕಿನ ವೆಲ್ಡಿಂಗ್ ಅಲ್ಯೂಮಿನಿಯಂಗೆ ಅಂಟದ ಕಾರಣ ಎಂಜಿನ್ ಬಚಾವಾಗುತ್ತದೆ. ಕಳಚಿ ತೆಗೆದ ಸಣ್ಣ ಭಾಗವಾದರೆ ಗಡಿಯಾರ ರಿಪೇರಿಯವರ ಹಾಗೆ ಪಟಿಕದ ಬಿಸಿ ನೀರಿನಲ್ಲಿ ನೆನೆಹಾಕಿ ಉಕ್ಕನ್ನಷ್ಟೇ ನಿಧಾನವಾಗಿ ಕರಗಿಸಲೂ ಬರುತ್ತದೆ.

ಬೋಲ್ಟೇ ಅಲ್ಯೂಮಿನಿಯಂ ಆದಾಗ ಈ ಯಾವ ವಿದ್ಯೆಯೂ ನಡೆಯದು. ಬಿಸಿ ಮಾಡಿದರೆ ಬೋಲ್ಟೂ ಕವಚವೂ ಹೆಚ್ಚುಕಡಿಮೆ ಒಟ್ಟಿಗೇ ಹಿಗ್ಗುತ್ತವೆ. ಮೇಲಾಗಿ ಬಿಸಿಗೆ ಬೋಲ್ಟು ಇನ್ನಷ್ಟು ಮೆತ್ತಗಾಗುತ್ತದೆ. ಉಕ್ಕಿನ ನಟ್ಟು ಅದಕ್ಕೆ ವೆಲ್ಡ್ ಆಗುವುದಿಲ್ಲ. ಪಟಿಕ ಅದನ್ನು ಮುಟ್ಟುವುದಿಲ್ಲ. ಅಲ್ಯೂಮಿನಿಯಂ ಕರಗಿಸಲು ಕಾಸ್ಟಿಕ್ ಸೋಡಾ ಸುರಿಯೋಣ ಎಂಬ ಯೋಚನೆ ಬಂದರೆ ಅಲ್ಲೇ ಬಿಟ್ಟುಬಿಡಿ. ಬೆಳಗಾವಿಯ ಕಾರ್ಖಾನೆಯಲ್ಲಿ ಬಾಕ್ಸೈಟಿನಿಂದ ಅಲ್ಯೂಮಿನಾವನ್ನು ಬೇರ್ಪಡಿಸುವುದು ಅದೇ ಕಾಸ್ಟಿಕ್ ಸೋಡಾದ ಬಲದಿಂದ. ಅದು ಬೋಲ್ಟು ಯಾವುದು, ಸಿಲಿಂಡರ್ ಹೆಡ್ ಯಾವುದು ಎಂದು ನೋಡದೆ ಎರಡನ್ನೂ ತಿನ್ನುತ್ತದೆ, ಕಣ್ಣು ಚರ್ಮವನ್ನೂ ಬಿಡದು.

ಆದ್ದರಿಂದ ನಿಜವಾದ ಕೆಲಸ ಇರುವುದು ಮುರಿಯದಂತೆ ಬಿಚ್ಚುವುದರಲ್ಲಿ. ಸ್ಪ್ಯಾನರ್ ಹಿಡಿಯುವ ಮೊದಲು ಸಣ್ಣ ಆಯಸ್ಕಾಂತ ಹಿಡಿಯಿರಿ. ಅಂಟಿದರೆ ಉಕ್ಕು. ಅಂಟದಿದ್ದರೆ ಅಲ್ಯೂಮಿನಿಯಂ ಎಂದೇ ನಂಬಿ ನಡೆಯಿರಿ. ಕೆಲವು ಬಗೆಯ ಸ್ಟೇನ್‌ಲೆಸ್ ಉಕ್ಕೂ ಅಂಟುವುದಿಲ್ಲ ನಿಜ, ಆದರೆ ಅನುಮಾನವಿದ್ದಲ್ಲಿ ಜಾಗ್ರತೆಯಿಂದ ನಷ್ಟವಿಲ್ಲ. ಎನ್52ರಲ್ಲಿ ಆಯಿಲ್ ಪ್ಯಾನ್, ವಾಟರ್ ಪಂಪ್, ಗೇರ್‌ಬಾಕ್ಸಿನ ಜೋಡಣೆಗಳಲ್ಲಿ ಅಲ್ಯೂಮಿನಿಯಂ ಬೋಲ್ಟುಗಳಿವೆ. ಸಿಲಿಂಡರ್ ಹೆಡ್ಡಿನ ದೊಡ್ಡ ಬೋಲ್ಟುಗಳು ಉಕ್ಕಿನವೇ. ಎಲ್ಲ ಬಿಎಂಡಬ್ಲ್ಯು ಕಾರಿಗೂ ಈ ಮಾತು ಅನ್ವಯಿಸುವುದಿಲ್ಲ, ಡೀಸೆಲ್ ಎಂಜಿನ್ನುಗಳ ಸಂಗತಿಯೇ ಬೇರೆ. ನಿಮ್ಮ ಕಾರಿನ ಎಂಜಿನ್ ಯಾವುದೆಂದು ಚಾಸಿ ನಂಬರ್ ಹಾಕಿ ಖಚಿತ ಮಾಡಿಕೊಂಡು, ಬೇಕಾದ ಹೊಸ ಬೋಲ್ಟುಗಳನ್ನು ತರಿಸಿಟ್ಟುಕೊಂಡ ಮೇಲೆಯೇ ಕೆಲಸ ಶುರುವಾಗಲಿ. ಹೊಸ ಬೋಲ್ಟು ಕೈಯಲ್ಲಿಲ್ಲದಿದ್ದರೆ ಹಳೆಯದನ್ನೇ ಹಾಕುವ ಆಸೆ ಯಾರಿಗಾದರೂ ಬರುತ್ತದೆ.

ಎಂಜಿನ್ ಪೂರ್ತಿ ತಣ್ಣಗಾಗಲಿ. ಮೇ ತಿಂಗಳಲ್ಲಿ 45 ಡಿಗ್ರಿ ದಾಟುವ ನಾಗಪುರದಲ್ಲಿ ಇದಕ್ಕೆ ಒಂದು ರಾತ್ರಿಯೇ ಬೇಕು. ಗಾಳಿಯ ಗನ್ ದೂರವಿಡಿ. ಬೋಲ್ಟಿನ ತಲೆ ನಕ್ಷತ್ರಾಕಾರದ ಇ-ಟಾರ್ಕ್ಸ್ ಆಗಿದ್ದರೆ ಅದೇ ಅಳತೆಯ ಸಾಕೆಟ್ ಬೇಕು. ‘ಹೆಚ್ಚುಕಡಿಮೆ ಕೂರುತ್ತೆ’ ಎಂಬ ಸಾಕೆಟ್ ತಲೆಯನ್ನು ಸವೆಸಿಬಿಡುತ್ತದೆ. ತಲೆಯ ಸುತ್ತಲಿನ ಕೊಳೆ ಬ್ರಷ್ಷಿನಿಂದ ತೆಗೆದು, ಜಂಗು ಬಿಡಿಸುವ ಎಣ್ಣೆ ಹಾಕಿ ಕಾಯಿರಿ. ಒಂದೇ ದಿಕ್ಕಿಗೆ ಎಳೆಯದೆ, ತುಸು ಸಡಿಲಿಸಿ, ತುಸು ಹಿಂದಕ್ಕೆ ತಿರುಗಿಸಿ, ಮತ್ತೆ ಸಡಿಲಿಸುತ್ತ ಬನ್ನಿ. ಜೋರು ಮಾಡದೆ ಬಾರದ ಬೋಲ್ಟನ್ನು ಅಂದಿಗೆ ಬಿಟ್ಟು ಮರುದಿನ ಬಿಚ್ಚುವುದು ಸೋಲಲ್ಲ.

ಇಷ್ಟಾಗಿಯೂ ಮುರಿದರೆ? ಮುರಿದದ್ದು ಬಿಗಿಯುವಾಗಲೋ ಬಿಚ್ಚುವಾಗಲೋ ಎಂಬುದನ್ನು ಮೊದಲು ನೋಡಬೇಕು. ಬಿಗಿಯುವಾಗ ಮುರಿದರೆ ಒಳಗಿನ ತುಂಡು ಹಿಡಿದುಕೊಂಡಿರುವುದಿಲ್ಲ. ತಲೆ ಹೋದ ಕ್ಷಣ ಎಳೆತವೂ ಹೋಗಿರುತ್ತದೆ. ಚೂಪಾದ ಸೂಜಿಯುಳಿಯಿಂದ ಅಂಚನ್ನು ಎಡಕ್ಕೆ ತಳ್ಳಿದರೂ ಎಷ್ಟೋ ಸಲ ಸುತ್ತಿ ಹೊರಬರುತ್ತದೆ. ಬಿಚ್ಚುವಾಗ ಮುರಿದರೆ ಥ್ರೆಡ್ಡಿನಲ್ಲಿ ಬಿಳಿ ಪುಡಿಯಂಥ ತುಕ್ಕು ಕಚ್ಚಿಕೊಂಡಿದೆ ಎಂದರ್ಥ. ಅಲ್ಲಿ ಡ್ರಿಲ್ ಅನಿವಾರ್ಯ.

ಡ್ರಿಲ್ ಮಾಡುವುದರಲ್ಲಿ ಕಷ್ಟ ಏನೆಂದರೆ ಬೋಲ್ಟೂ ಮೆದು, ಗೋಡೆಯೂ ಮೆದು. ಬಿಟ್ ಎತ್ತ ಜಾರಿದರೂ ಕೈಗೆ ತಿಳಿಯುವುದಿಲ್ಲ. ನಟ್ಟನಡುವೆ ಪಂಚ್ ಹೊಡೆದು, ಪಂಪಿನದೇ ರಂಧ್ರವನ್ನೋ ಲೇತಿನಲ್ಲಿ ತಿರುಗಿಸಿದ ಬುಷ್ಷನ್ನೋ ದಾರಿಯಾಗಿಟ್ಟುಕೊಂಡು, ಸಣ್ಣ ಬಿಟ್ಟಿನಿಂದ ನಿಧಾನ ಶುರು ಮಾಡಬೇಕು. ಎಡಕ್ಕೆ ತಿರುಗುವ ಬಿಟ್ ಸಿಕ್ಕರೆ ಉತ್ತಮ. ಕೊರೆಯುತ್ತಿರುವಾಗಲೇ ತುಂಡು ಹಿಡಿತ ಬಿಟ್ಟು ಬಿಟ್ಟಿನ ಜೊತೆ ಬಂದುಬಿಡುವುದುಂಟು. ಬಾರದಿದ್ದರೆ ಎಕ್ಸ್‌ಟ್ರಾಕ್ಟರ್ ಹಾಕುವಾಗ ಬಹಳ ಎಚ್ಚರ. ಅದು ಬೆಣೆಯಂತೆ ಒಳಹೊಕ್ಕು ಮೆದು ತುಂಡನ್ನು ಅಗಲಿಸಿ ಇನ್ನಷ್ಟು ಬಿಗಿ ಮಾಡಬಹುದು. ಅದೇ ಒಳಗೆ ಮುರಿದರೆ, ಆ ಗಟ್ಟಿ ಉಕ್ಕನ್ನು ಕೊರೆಯುವ ಬಿಟ್ ಸಾಮಾನ್ಯ ಗ್ಯಾರೇಜಿನಲ್ಲಿ ಇರುವುದಿಲ್ಲ. ಅದಕ್ಕಿಂತ ಬೋಲ್ಟಿನ ಒಳಗನ್ನೆಲ್ಲ ಕೊರೆದು ತೆಳು ಸಿಪ್ಪೆಯಷ್ಟೇ ಉಳಿಸಿ, ಅದನ್ನು ಚಿಮಟಿಯಿಂದ ಸುಲಿದು ತೆಗೆಯುವುದು ಲೇಸು.

ಇನ್ನೊಂದು ಅಪಾಯವನ್ನು ಮೆಗ್ನೀಷಿಯಂ ಎಂಜಿನ್ ಮುಟ್ಟುವ ಪ್ರತಿಯೊಬ್ಬರೂ ತಿಳಿದಿರಬೇಕು. ಗಟ್ಟಿ ಮೆಗ್ನೀಷಿಯಂಗೆ ಬೆಂಕಿ ಸುಲಭವಾಗಿ ಹತ್ತದು, ಅದರ ಪುಡಿ ಮತ್ತು ಸುರುಳಿಗಳಿಗೆ ಹತ್ತುತ್ತದೆ. ಹತ್ತಿದ ಮೇಲೆ ನೀರು ಸುರಿದರೆ ಹೈಡ್ರೋಜನ್ ಹೊರಟು ಉರಿ ಹೆಚ್ಚಾಗುತ್ತದೆ. ಪುಡಿಯನ್ನು ಆಗಿಂದಾಗ ಗುಡಿಸಿ ತೆಗೆಯಿರಿ, ಗ್ಯಾಸ್ ಬೆಂಕಿ, ಗ್ರೈಂಡರಿನ ಕಿಡಿ ಹತ್ತಿರ ಸುಳಿಯದಿರಲಿ. ಪಕ್ಕದಲ್ಲಿ ಒಣ ಮರಳಿನ ಬಕೆಟ್ ಇರಲಿ.

ತುಂಡು ಹೊರಬಂದು ಥ್ರೆಡ್ಡು ಉಳಿದಿದ್ದರೆ ಅದೃಷ್ಟ. ಹಾಳಾಗಿದ್ದರೆ ಹೆಲಿಕಾಯಿಲ್‌ನಂಥ ತಂತಿಸುರುಳಿಯ ಥ್ರೆಡ್ಡು ಕೂರಿಸುತ್ತಾರೆ. ಅದು ಸಾಮಾನ್ಯವಾಗಿ ಸ್ಟೇನ್‌ಲೆಸ್ ಉಕ್ಕಿನದಾದ್ದರಿಂದ ಮೆಗ್ನೀಷಿಯಂನಲ್ಲಿ ಕೂರಿಸುವಾಗ ನೀರು ತಾಗದಂತೆ ಸೀಲಂಟ್ ಹಚ್ಚಬೇಕು. ಬೋಲ್ಟು ಹಾಕುವ ಮುನ್ನ ರಂಧ್ರದ ತಳದಲ್ಲಿ ಎಣ್ಣೆ, ನೀರು ನಿಂತಿರಬಾರದು. ಹೊರಹೋಗಲು ದಾರಿಯಿಲ್ಲದ ದ್ರವ ಬೋಲ್ಟಿನಡಿ ಸಿಕ್ಕಿಕೊಂಡು ಕವಚವನ್ನೇ ಸೀಳಬಲ್ಲದು. ಹೊಸ ಬೋಲ್ಟಿಗೆ ‘ಸಲೀಸಾಗಿ ಹೋಗಲಿ’ ಎಂದು ಗ್ರೀಸ್ ಸವರಬೇಡಿ. ಕಂಪನಿ ಕೊಟ್ಟ ಟಾರ್ಕ್ ಹಾಗೂ ಕೋನದ ಲೆಕ್ಕ ಬೋಲ್ಟು ಡಬ್ಬಿಯಿಂದ ಬಂದ ಸ್ಥಿತಿಗೆ ಮಾತ್ರ ಹೊಂದುತ್ತದೆ.

‘ಈ ರಗಳೆಯೇ ಬೇಡ, ಉಕ್ಕಿನ ಬೋಲ್ಟು ಹಾಕಿಬಿಡೋಣ’ ಎಂಬ ಸಲಹೆ ಇಲ್ಲಿ ಬಂದೇ ಬರುತ್ತದೆ. ಅದು ಬಿಗಿಯುವಾಗ ಮುರಿಯುವುದಿಲ್ಲ, ನಿಜ. ವರ್ಷವೆರಡು ವರ್ಷ ಏನೂ ತೊಂದರೆ ಕಾಣದಿರಲೂಬಹುದು, ಒಣ ಹವೆಯ ವಿದರ್ಭದಲ್ಲಂತೂ ಇನ್ನೂ ಹೆಚ್ಚು ಕಾಲ. ಮಂಗಳೂರು-ಉಡುಪಿಯ ಉಪ್ಪುಗಾಳಿ, ತಿಂಗಳುಗಟ್ಟಲೆ ಮಳೆ ಸೇರಿದಲ್ಲಿ ಆ ಕಾಲ ಬೇಗ ಮುಗಿಯುತ್ತದೆ. ಆಗ ಕರಗುವುದು ಬೋಲ್ಟಲ್ಲ, ಸುಲಭವಾಗಿ ಬೇರೆ ತರಲಾಗದ ಕ್ರ್ಯಾಂಕ್‌ಕೇಸ್. ಅಲ್ಯೂಮಿನಿಯಂ ಬೋಲ್ಟು ಮುರಿದು ತನ್ನ ದೌರ್ಬಲ್ಯವನ್ನು ತಕ್ಷಣ ತೋರಿಸುತ್ತದೆ. ಉಕ್ಕಿನ ಬೋಲ್ಟು ತನ್ನ ತಪ್ಪನ್ನು ಮುಂದಿನ ಮಾಲೀಕನಿಗೆ ದಾಟಿಸುತ್ತದೆ. ಬಿಎಂಡಬ್ಲ್ಯು ಕೂಡ ಮುಂದಿನ ತಲೆಮಾರಿನ ಆರು ಸಿಲಿಂಡರ್ ಎಂಜಿನ್ನುಗಳಲ್ಲಿ ಪೂರ್ತಿ ಅಲ್ಯೂಮಿನಿಯಂ ಕ್ರ್ಯಾಂಕ್‌ಕೇಸಿಗೆ ಮರಳಿದೆ. ಆದರೆ ರಸ್ತೆಯ ಮೇಲಿರುವ ಹಳೆಯ ಕಾರುಗಳ ಲೋಹ ಅದರಿಂದ ಬದಲಾಗುವುದಿಲ್ಲ.

ಹಳೆಯ ಕಾರು ಮಾರುವಾಗ ನಾವು ಆರ್‌ಸಿ, ವಿಮೆ, ಎರಡನೇ ಕೀಲಿ ಎಲ್ಲವನ್ನೂ ಹಸ್ತಾಂತರಿಸುತ್ತೇವೆ, ಅದರ ಲೋಹದ ನಿಯಮಗಳನ್ನು ಹಸ್ತಾಂತರಿಸುವುದಿಲ್ಲ. ಕಂಪನಿಯ ವರ್ಕ್‌ಶಾಪಿನ ದರ ಕೇಳಿ ಬೆಚ್ಚಿದ ಮಾಲೀಕ ಊರ ಗ್ಯಾರೇಜಿಗೆ ಬರುತ್ತಾನೆ, ಅದು ಸಹಜ. ಕಾರ್ಬ್ಯುರೇಟರಿನಿಂದ ಸೆನ್ಸರಿನವರೆಗೆ ಪ್ರತಿಯೊಂದನ್ನೂ ತಾವೇ ಕಲಿತುಕೊಂಡ ನಮ್ಮ ಮೆಕ್ಯಾನಿಕರಿಗೆ ಇದೂ ಅಸಾಧ್ಯವಲ್ಲ, ಕಲಿಸುವವರು ಬೇಕು. ಐಟಿಐಗಳ ಮೋಟಾರ್ ಮೆಕ್ಯಾನಿಕ್ ತರಗತಿಗಳಿಗೆ ವಾಡಿಯಂಥ ಊರಿನ ಲೋಹವಿಜ್ಞಾನಿಗಳು ವರ್ಷಕ್ಕೊಂದು ದಿನ ಹೋಗಿ, ಯಾವ ಲೋಹಕ್ಕೆ ಯಾವ ಬೋಲ್ಟು, ಏಕೆ ಎಂಬುದನ್ನು ಕೈಗೆ ಬೋಲ್ಟು ಕೊಟ್ಟೇ ತೋರಿಸಿದರೆ ಎಷ್ಟೋ ಎಂಜಿನ್ನುಗಳು ಗುಜರಿ ಸೇರುವುದು ತಪ್ಪುತ್ತದೆ. ಅಲ್ಲಿಯವರೆಗೆ ಮಾಲೀಕರು ತಮ್ಮ ಪಾಲಿನ ಕೆಲಸ ಮಾಡಬಹುದು. ಕೆಲಸ ಒಪ್ಪಿಸುವ ಮುನ್ನ ಗ್ಯಾರೇಜಿನವರಿಗೆ ಮೂರು ಪ್ರಶ್ನೆ ಕೇಳಿ: ಹೊಸ ಬೋಲ್ಟು ತರಿಸಿದ್ದೀರಾ? ಟಾರ್ಕ್ ರೆಂಚ್ ಇದೆಯಾ? ಕೋನ ಹೇಗೆ ಅಳೆಯುತ್ತೀರಿ? ಮೂರಕ್ಕೂ ಉತ್ತರ ಸಿಗದ ಜಾಗದಲ್ಲಿ ಕೂಲಿ ಎಷ್ಟೇ ಕಡಿಮೆ ಹೇಳಿದರೂ ಕಾರು ಬಿಡಬೇಡಿ.